ಬೋರಪ್ಪನ ಕಾರು ಎರಡು ಸುತ್ತು ಹೆಚ್ಚು ತಿರುಗಿದ್ದು

ಹಳೇಕೋಟೆಯ ಬೋರಪ್ಪನಿಗೆ ಬೆಳಿಗ್ಗೆ ಎದ್ದೊಡನೆ ಎರಡು ಕೆಲಸ. ಒಂದು, ಕೊಟ್ಟಿಗೆಯ ಎಮ್ಮೆಗೆ ಹುಲ್ಲು ಎಳೆದು ಹಾಕುವುದು. ಇನ್ನೊಂದು, ಮನೆಯ ಪಕ್ಕದ ಶೀಟಿನ ಚಪ್ಪರದಲ್ಲಿ ನಿಂತಿರುವ ಬಿಳಿಯ ಪೆಟ್ರೋಲ್ ಕಾರಿನಲ್ಲಿ ಕುಳಿತು, ಕೀ ತಿರುಗಿಸಿ, ಅದು ಹೇಗೆ ಏಳುತ್ತದೆಂದು ಕಿವಿಗೊಟ್ಟು ಕೇಳುವುದು. ಎಲ್ಲಿಗೂ ಹೋಗುವುದಿಲ್ಲದ ದಿನವೂ ಇದು ತಪ್ಪದು. ಐದು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಆಮೇಲೆ ಕಾಫಿಗೆ ಒಳಗೆ ಬರುವನು.

"ಎಮ್ಮೆನಾದ್ರೂ ಆಲು ಕೊಡ್ತದೆ. ಅದೇನು ಕೊಡ್ತದೆ ಅಂತ ದಿನಾ ಮಾತಾಡುಸ್ತೀರಿ?" ಎಂದು ಹೆಂಡತಿ ಲಕ್ಷ್ಮಿದೇವಮ್ಮ ಕೇಳುವಳು.

ಬೋರಪ್ಪ ನಕ್ಕು ಕಾಫಿ ಲೋಟ ಕೈಗೆತ್ತಿಕೊಳ್ಳುವನು. ಚನ್ನರಾಯಪಟ್ಟಣದ ಪಾತ್ರೆ ವ್ಯಾಪಾರಿ ಸುಪಾರ್ಶ್ವ ಅವರ ಮನೆಯಲ್ಲಿ ಇಪ್ಪತ್ತಾರು ವರ್ಷ ಡ್ರೈವರ್ ಆಗಿದ್ದವನು ಅವನು. ವಯಸ್ಸು ಅರವತ್ತಾಗಿ ಊರಿಗೆ ಹೊರಟು ನಿಂತಾಗ ಸಾಹುಕಾರರು, "ಬೋರಪ್ಪ, ಇದು ಬೇರೆಯವರ ಕೈಗೆ ಪಳಗಿದ್ದಲ್ಲ. ನೀನೇ ತಗೊಂಡು ಹೋಗು" ಎಂದು ಈ ಕಾರನ್ನು ಅವನಿಗೇ ಒಪ್ಪಿಸಿದ್ದರು. ಹದಿನೈದು ವರ್ಷದಿಂದ ಅವನೊಬ್ಬನೇ ಓಡಿಸಿದ ಗಾಡಿ. ಸೆಲ್ಫ್ ಹೊಡೆದರೆ ಮೂರು ಸುತ್ತು. ಮೂರನೆಯ ಸುತ್ತಿಗೆ ಎಂಜಿನ್ ಎದ್ದಿರಬೇಕು. ಮಾಗಿಯ ಚಳಿಯಲ್ಲಿ ನಾಲ್ಕು. ಅದಕ್ಕೆ ಮೇಲೆ ಹೋದದ್ದನ್ನು ಅವನು ಕಂಡವನಲ್ಲ.

ಕಿವಿಯ ಮೇಲೆ ಅವನು ಅಷ್ಟು ಭಾರ ಹಾಕುವುದಕ್ಕೆ ಇನ್ನೊಂದು ಕಾರಣವೂ ಇತ್ತು. ಕೊರೋನಾ ಬಂದು ಹೋದಂದಿನಿಂದ ಅವನ ಮೂಗು ಸತ್ತುಹೋಗಿತ್ತು. ಒಗ್ಗರಣೆಯ ಘಾಟಿಗೆ ಕೆಮ್ಮು ಬರುವುದು, ಆದರೆ ವಾಸನೆ ತಿಳಿಯದು. ಒಲೆಯ ಮೇಲೆ ಹಾಲು ಸೀದು ಕರಿಯಾದರೂ ಪಕ್ಕದಲ್ಲೇ ಪೇಪರು ಓದುತ್ತ ಕುಳಿತಿರುತ್ತಿದ್ದ.

ಈ ವರ್ಷ ಕಾರು ಸರಿಯಾಗಿ ಏಳಲೇಬೇಕಾದ ಒಂದು ಕಾರಣ ಮನೆಯಲ್ಲೇ ಓಡಾಡುತ್ತಿತ್ತು. ಸೊಸೆ ಭವ್ಯಶ್ರೀಗೆ ಒಂಬತ್ತು ತುಂಬುತ್ತ ಬಂದಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕಾದದ್ದು. ಆದರೆ ಅರಕಲಗೂಡಿನಲ್ಲಿದ್ದ ಅವಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಲಗಿದ್ದರಿಂದ ಹೆಣ್ಣುಮಗಳು ಅತ್ತೆಯ ಮನೆಯಲ್ಲೇ ಉಳಿದಳು. ಮಗ ಸಂಜಯ್‌ಗೆ ಹಾಸನದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ. ಅರ್ಧ ವಾರ ಅಲ್ಲೇ. ಹೊಕ್ಕುಳಬಳ್ಳಿ ಮಗುವಿನ ಕುತ್ತಿಗೆಗೆ ಒಂದು ಸುತ್ತು ಬಂದಿದೆ, ನೋವು ಕಾಣಿಸಿಕೊಂಡರೆ ತಡಮಾಡದೆ ಹಾಸನಕ್ಕೆ ಕರೆತನ್ನಿ ಎಂದು ಡಾಕ್ಟರಮ್ಮ ಎರಡು ಸಲ ಹೇಳಿದ್ದರು. ಆ ಎರಡನೆಯ ಸಲ ಹೇಳಿದ್ದು ಬೋರಪ್ಪನ ಮನಸ್ಸಿನಲ್ಲಿ ಮುಳ್ಳಿನಂತೆ ನಿಂತಿತ್ತು. ಹೊಳೆನರಸೀಪುರ ದಾಟಿ ಹಾಸನ ಸೇರಲು ಮುಕ್ಕಾಲು ಗಂಟೆಗೆ ಕಡಿಮೆಯಿಲ್ಲ.

ಮಹಾಲಯ ಅಮಾವಾಸ್ಯೆ ಕಳೆದು ಮೂರನೆಯ ದಿನ ಬೆಳಿಗ್ಗೆ ಕಾರು ಐದು ಸುತ್ತು ತಿರುಗಿ ಎದ್ದಿತು.

ಬೋರಪ್ಪ ಕೀಯ ಮೇಲಿದ್ದ ಕೈಯನ್ನು ತೆಗೆಯದೆ ಹಾಗೆಯೇ ಕುಳಿತ. ಎಂಜಿನ್ ಓಡುತ್ತಿತ್ತು, ಚೆನ್ನಾಗಿಯೇ ಓಡುತ್ತಿತ್ತು. ನಿಲ್ಲಿಸಿ ಮತ್ತೆ ಹೊಡೆದ. ಒಂದೇ ಸುತ್ತಿಗೆ ಎದ್ದಿತು. ಮಧ್ಯಾಹ್ನ ನೋಡಿದ, ಮೂರು. ಮರುದಿನ ಬೆಳಿಗ್ಗೆ ಮತ್ತೆ ಐದು.

"ಐದೋ ಆರೋ, ಎದ್ದದ ಇಲ್ವ?" ಎಂದ ಬೇಲಿಯಾಚೆಯ ನಂಜಪ್ಪ. ಅವನು ಟ್ರ್ಯಾಕ್ಟರ್ ಇಟ್ಟುಕೊಂಡಿದ್ದ ರೈತ. ಬೋರಪ್ಪನನ್ನು ಕೆಣಕದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. "ನನ್ನ ಟ್ಯಾಕ್ಟ್ರು ಎಷ್ಟು ಸುತ್ತಿಗೆ ಏಳ್ತದೆ ಅಂತ ನಾನು ಉಟ್ದಾಗಿಂದ ಎಣ್ಸಿಲ್ಲ ಕಣೋ. ಸೊಸೆ ಬಾಣಂತನ ಅಲ್ಲ, ಮೊದ್ಲು ನಿಂದೇ ಒಂದು ಬಾಣಂತನ ಮಾಡುಸ್ಬೇಕು."

"ನೀನು ಎಣ್ಸಿಲ್ಲ ಅಂತ್ಲೇ ಅದು ವರ್ಸಕ್ಕೆರಡು ಸರಿ ಗದ್ದೇಲಿ ಮಲಗೋದು."

"ಅಂಗೂ ಏಳ್ದೆ ಓದ್ರೆ ಆಂಬ್ಯುಲೆನ್ಸ್ ಐತಲ್ಲ, ಫೋನ್ ಮಾಡುದ್ರೆ ಬತ್ತದೆ."

"ಬತ್ತದೆ. ಅದು ಬರೋಗಂಟ ಆ ಎಣ್ಮಗೀನ ಮಕ ನೋಡ್ಕಂಡು ಕೂರೋಕೆ ನನ್ ಕೈಲಾಗಲ್ಲ ಕಣ ನಂಜ."

ಹೊಳೆನರಸೀಪುರದ ಮೆಕ್ಯಾನಿಕ್ ಮನು ಬಾನೆಟ್ ಎತ್ತಿ, ಸೆಲ್ಫ್ ಹೊಡೆಸಿ, ಒಂದು ನಿಮಿಷದಲ್ಲಿ ತೀರ್ಪು ಕೊಟ್ಟ. "ಬ್ಯಾಟ್ರಿ ಅಣ್ಣ. ನಾಕು ವರ್ಸ ಆಯ್ತಲ್ಲ, ಮುದಿಯಾಗದೆ. ಹೊಸದು ಆಕ್ಸಿ, ನಿಮ್ಮ ಕಿವಿಗೂ ನೆಮ್ದಿ, ನಂಗೂ ನೆಮ್ದಿ." ಹೊಸ ಬ್ಯಾಟರಿ ಬಂತು. ಮರುದಿನ ಬೆಳಿಗ್ಗೆ ಸೆಲ್ಫ್ ಎಳೆಯ ಹೋರಿಯಂತೆ ರಭಸವಾಗಿ ತಿರುಗಿತು. ಆದರೆ ಎಂಜಿನ್ ಎದ್ದದ್ದು ಆರನೆಯ ಸುತ್ತಿಗೆ. ಎಳೆಯುವ ಬಲ ಹೆಚ್ಚಾಗಿತ್ತು, ಏಳುವ ಹೊತ್ತು ಕಡಿಮೆಯಾಗಿರಲಿಲ್ಲ.  ಕಾಯಿಲೆ ಬ್ಯಾಟರಿಯದಲ್ಲ.

ಫೋನು ಮಾಡಿದರೆ ಮನು ನಕ್ಕ. "ಅಣ್ಣ, ನಿಮ್ಮ ಕಾರ್‌ಗಿಂತ ಮೊದ್ಲು ನಿಮ್ಮನ್ನ ಸರ್ವೀಸ್‌ಗೆ ಬಿಡ್ಬೇಕು. ಹಬ್ಬ ಕಳೀಲಿ, ತಗೊಂಡ್ ಬನ್ನಿ, ಎಲ್ಲಾ ಬಿಚ್ಚಿ ನೋಡಾಣ."

ಹಬ್ಬ ಕಳೆಯುವವರೆಗೆ ಹೊಟ್ಟೆಯೊಳಗಿನ ಕೂಸು ಕಾಯುತ್ತದೆಯೇ?

ಆ ವಾರ ಭವ್ಯಶ್ರೀಯನ್ನು ತಪಾಸಣೆಗೆ ಕರೆದುಕೊಂಡು ಹೋಗುವಾಗ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡೇ ಕುಳಿತಿದ್ದಳು. "ಮಾವ, ಪೆಟ್ರೋಲ್ ವಾಸ್ನೆ ಬರ್ತಿದೆ" ಎಂದಳು. ಬೋರಪ್ಪ ಕನ್ನಡಿಯಲ್ಲಿ ಹಿಂದೆ ಕುಳಿತಿದ್ದ ಹೆಂಡತಿಯ ಮುಖ ನೋಡಿದ. ಮೂಗಿನ ವಿಷಯದಲ್ಲಿ ಅವನು ಹೆಂಡತಿಯನ್ನೇ ನಂಬಬೇಕು.

"ನಂಗೇನೂ ಬರ್ತಿಲ್ಲ" ಎಂದಳು ಲಕ್ಷ್ಮಿದೇವಮ್ಮ. "ಮೊನ್ನೆ ಮಲ್ಗೆ ಊವ ತಂದ್ರೆ ಅದೂ ನಾತ ಅಂದ್ಲು. ಸಾರಿನ ಒಗ್ಗರಣೆನೂ ನಾತ. ಬಸ್ರಿ ಮೂಗಿಗೆ ಮೂರು ಲೋಕನೂ ನಾತ ಕಣವ್ವ. ಕಿಟಕಿ ತೆಗ್ದು ಕೂತ್ಕೊ."

ಭವ್ಯಶ್ರೀ ಕಿಟಕಿ ತೆರೆದು ಕುಳಿತಳು. ಆಮೇಲೆ ಅವಳು ಆ ಮಾತನ್ನು ಎತ್ತಲಿಲ್ಲ. ಬೋರಪ್ಪ ಮನೆಗೆ ಬಂದು ಚಪ್ಪರದ ಕೆಳಗೆ ಬಗ್ಗಿ ನೋಡಿದ. ಮಣ್ಣಿನ ನೆಲ; ಒಂದು ಹನಿಯ ಗುರುತೂ ಕಾಣಲಿಲ್ಲ. ನಿಜವಾಗಿ ಮೂಗಿದ್ದವನು ಆ ಮಣ್ಣನ್ನು ಒಂದು ಹಿಡಿ ಎತ್ತಿ ಮೂಸುತ್ತಿದ್ದನೇನೋ. ಅವನು ಮಂಡಿ ಕೊಡವಿಕೊಂಡು ಎದ್ದ.

ಆಯುಧಪೂಜೆಯ ಹಿಂದಿನ ಬೆಳಿಗ್ಗೆ ಏಳು ಸುತ್ತು.

ಅಂದು ಮಧ್ಯಾಹ್ನ ಕಾರನ್ನು ಚಪ್ಪರದಿಂದ ಮನೆಯ ಮುಂದಿನ ಸಿಮೆಂಟ್ ಅಂಗಳಕ್ಕೆ ತಂದು ನಿಲ್ಲಿಸಿ ತೊಳೆದರು. ತೊಳೆದ ಮೇಲೆ ಪೂಜೆ ಆಗುವವರೆಗೆ ಗಾಡಿಯನ್ನು ಎಬ್ಬಿಸಬಾರದೆಂಬುದು ಆ ಮನೆಯ ನಿಯಮ. ಹಬ್ಬದ ದಿನ ಎದ್ದ ಬೋರಪ್ಪ ಎಮ್ಮೆಗೆ ಹುಲ್ಲು ಹಾಕಿ, ಕಾರಿನ ಸುತ್ತ ಎರಡು ಬಾರಿ ನಡೆದು, ಸುಮ್ಮನೆ ಜಗಲಿಯ ಮೇಲೆ ಕುಳಿತ. ಇಂದು ಎಷ್ಟು ಸುತ್ತಾಗಬಹುದು, ಅಥವಾ ಏಳುವುದೇ ಇಲ್ಲವೋ? ರಾತ್ರಿ ಸೊಸೆ ಎರಡು ಸಲ ಎದ್ದು ಓಡಾಡಿದ್ದು ಅವನಿಗೆ ಕೇಳಿಸಿತ್ತು.

ಪ್ರತಿವರ್ಷ ಕಾರಿಗೆ ಬೂದುಗುಂಬಳಕಾಯಿ ನೀವಾಳಿಸಿ ಒಡೆಯುವುದು ವಾಡಿಕೆ. ಈ ಸಲ ಅದಿಲ್ಲ. ಬಸುರಿ ಇರುವ ಮನೆಯಲ್ಲಿ ಕುಂಬಳಕಾಯಿ ಒಡೆಯಬಾರದು. ಅದನ್ನು ಬಿಟ್ಟದ್ದು ಲಕ್ಷ್ಮಿದೇವಮ್ಮನಿಗೆ ದೊಡ್ಡ ಕೊರತೆಯಾಗಿ ಕಾಡಿತ್ತು. ಯೋಚಿಸಿ ಯೋಚಿಸಿ ಅವಳೇ ಒಂದು ಪರಿಹಾರ ಕಂಡುಕೊಂಡಿದ್ದಳು. ಕಾಯಿಯ ಬದಲಿಗೆ ಕರ್ಪೂರ, ಅದೂ ಒಂದು ಬಿಲ್ಲೆ ಎರಡು ಬಿಲ್ಲೆಯಲ್ಲ, ತಟ್ಟೆಯ ತುಂಬ.

"ಬವ್ಯನ್ನ ಮುಂದ್ಗಡೆ ಸೀಟ್ನಲ್ಲಿ ಕೂರ್ಸಿ. ನೀವೂ ಕೂತ್ಕಳಿ. ಬಾನೆಟ್ ಎತ್ತಿ ಇಂಜಿನ್ನಿಗೂ ಬೆಳುಗ್ತೀನಿ, ನಿಮ್ಗೂ ಬೆಳುಗ್ತೀನಿ. ಗಾಡಿದೂ ಬಸ್ರಿದೂ ಒಟ್ಗೇ ದೃಷ್ಟಿ ಓಗ್ಲಿ" ಎಂದಳು.

ಕಾರಿಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಮಾಲೆ ಬಿದ್ದವು. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು. ಮುಂದಿನ ಚಕ್ರದ ಪಕ್ಕದಲ್ಲಿ ಬಾಳೆಹಣ್ಣಿಗೆ ಚುಚ್ಚಿದ ಊದುಬತ್ತಿ ಹೊಗೆಯಾಡುತ್ತಿತ್ತು. ಮನೆಯೊಳಗಿನಿಂದ ಸಾಂಬ್ರಾಣಿಯ ಹೊಗೆ ಅಂಗಳದವರೆಗೂ ಹರಡಿತ್ತು. ಬೆಳಿಗ್ಗೆ ಮತ್ತೊಮ್ಮೆ ನೀರು ಚೆಲ್ಲಿದ್ದರಿಂದ ಸಿಮೆಂಟಿನ ನೆಲ ಇನ್ನೂ ಒದ್ದೆ. ಬೇಲಿಯಾಚೆ ನಂಜಪ್ಪ ಆಗಲೇ ಪೂಜೆ ಮುಗಿಸಿ ಟ್ರ್ಯಾಕ್ಟರ್ ಮೇಲೆ ಕುಳಿತು ಹಾರನ್ ಒತ್ತುತ್ತಿದ್ದ.

ಭವ್ಯಶ್ರೀ ಬೆನ್ನಿಗೆ ದಿಂಬು ಇಟ್ಟುಕೊಂಡು ಪ್ರಯಾಸದಿಂದ ಮುಂದಿನ ಸೀಟಿನಲ್ಲಿ ಕುಳಿತಳು. ಬೋರಪ್ಪ ಸ್ಟೀರಿಂಗ್ ಹಿಂದೆ ಕುಳಿತ. ಎತ್ತಿ ನಿಲ್ಲಿಸಿದ ಬಾನೆಟ್ ಎದುರಿನ ಗಾಜನ್ನು ಪೂರ್ತಿ ಮುಚ್ಚಿತ್ತು. ಮನೆಯ ಬಾಗಿಲು ಕಾಣುತ್ತಿರಲಿಲ್ಲ. ಕೀ ಅವನ ಕೈಯಲ್ಲಿತ್ತು.

ಎಬ್ಬಿಸಿದರೆ ತಪ್ಪು. ಕೀಯನ್ನು ಅರ್ಧ ತಿರುಗಿಸಿದರೆ ತಪ್ಪೇನು? ಅರ್ಧ ತಿರುಗಿಸಿದರೆ ಎಂಜಿನ್ ಏಳದು, ಹಿಂದಿನ ಸೀಟಿನ ಅಡಿಯಲ್ಲಿ ಪೆಟ್ರೋಲ್ ಪಂಪು ಮಾತ್ರ ಎರಡು ಉಸಿರಿನಷ್ಟು ಹೊತ್ತು ಜುಂಯ್ ಎಂದು ಓಡಿ, ಎಂಜಿನ್ನಿನವರೆಗೆ ಪೈಪು ತುಂಬಿಸಿ ನಿಲ್ಲುತ್ತದೆ. ಆ ಸದ್ದು ಬೋರಪ್ಪನಿಗೆ ಹದಿನೈದು ವರ್ಷದ ಪರಿಚಯ. ನಲ್ಲಿಯ ಕೆಳಗಿಟ್ಟ ಕೊಡ ತುಂಬುತ್ತ ಬಂದಂತೆ ಸದ್ದು ಸಣ್ಣಗಾಗುತ್ತದಲ್ಲ, ಹಾಗೆ ಮೊದಲು ದಪ್ಪ, ಆಮೇಲೆ ಬಿಗಿದುಕೊಂಡು ಸಣ್ಣ. ಅವನು ಕೀ ತಿರುಗಿಸಿದ.

ಜುಂಯ್ ಎಂದಿತು. ದಪ್ಪಗೇ ಓಡಿ, ದಪ್ಪಗೇ ನಿಂತಿತು.

ನಂಜಪ್ಪನ ಹಾರನ್ನಿನ ಗದ್ದಲದಲ್ಲಿ ಸರಿಯಾಗಿ ಕೇಳಿಸಲಿಲ್ಲವೇನೋ ಎಂದುಕೊಂಡು ಬೋರಪ್ಪ ಕೀ ಹಿಂದಕ್ಕೆ ತಂದು ಮತ್ತೆ ತಿರುಗಿಸಿದ. ಎರಡನೆಯ ಸಲವಾದರೂ ಬಿಗಿಯಬೇಕಿತ್ತು. ಬಿಗಿಯಲಿಲ್ಲ. ಮೂರನೆಯ ಸಲ. ಅದೇ ದಪ್ಪ ಸದ್ದು. ಮೂರು ಸಲ ನೀರು ಸುರಿದರೂ ಕೊಡ ತುಂಬಲಿಲ್ಲವೆಂದರೆ ಕೊಡಕ್ಕೆ ತೂತು ಬಿದ್ದಿರಬೇಕು. ರಾತ್ರಿಯೆಲ್ಲ ಪೈಪು ಖಾಲಿಯಾಗುತ್ತಿತ್ತು. ಬೆಳಿಗ್ಗೆ ಹೆಚ್ಚು ತಿರುಗಿದ ಸುತ್ತುಗಳೆಲ್ಲ ಅದನ್ನು ಮತ್ತೆ ತುಂಬಿಸುವ ಸುತ್ತುಗಳು. ಹಾಗಾದರೆ ಸೋರಿದ ಪೆಟ್ರೋಲ್ ಎಲ್ಲಿಗೆ ಹೋಗುತ್ತಿತ್ತು? ಈಗ, ಈ ಮೂರು ಸಲ ತಾನೇ ಕೈಯಾರೆ ನೂಕಿದ ಪೆಟ್ರೋಲ್ ಎಲ್ಲಿ ಹೋಯಿತು?

"ಬವ್ಯಾ," ಎಂದ ಅವನು.  "ವಾಸ್ನೆ ಬತ್ತಾ ಐತೇನವ್ವ?"

ಅವಳು ಅವನ ಮುಖ ನೋಡಿದಳು. "ಬೆಳಗ್ಗಿಂದ್ಲೂ ಇದೆ ಮಾವ. ಹೇಳುದ್ರೆ ಅತ್ತೆ ಬೈತಾರೆ ಅಂತ ಸುಮ್ಮನಿದ್ದೆ. ಈಗ ತುಂಬಾ ಜಾಸ್ತಿ ಆಯ್ತು."

ಪಕ್ಕದ ಕಿಟಕಿಯಿಂದ ತಲೆ ಹೊರಹಾಕಿ ನೋಡಿದರೆ ಲಕ್ಷ್ಮಿದೇವಮ್ಮ ಜಗಲಿಯ ಮೆಟ್ಟಿಲು ಇಳಿಯುತ್ತಿದ್ದಳು. ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರದ ರಾಶಿ ಮೊಳದೆತ್ತರಕ್ಕೆ ಉರಿಯುತ್ತಿತ್ತು. ಅವಳ ಕಣ್ಣು ತಟ್ಟೆಯ ಮೇಲೆ, ಬಾಯಲ್ಲಿ ದೇವರ ಹೆಸರು.

"ಲಕ್ಷ್ಮೀ, ನಿಂತ್ಕೊ! ಬರ್ಬ್ಯಾಡ!"

ಹಾರನ್ ಆ ಮಾತನ್ನು ನುಂಗಿತು. ಅವಳು ಬರುತ್ತಲೇ ಇದ್ದಳು.

ಬೋರಪ್ಪ ಕೀ ಕಿತ್ತು, ಬಾಗಿಲು ತೆರೆದು ಹೊರಗೆ ಕಾಲಿಟ್ಟ. ಒದ್ದೆ ನೆಲದಲ್ಲಿ ಕಾಲು ಜಾರಿತು. ಬಾಗಿಲನ್ನು ಹಿಡಿದು ನಿಂತು, ಎರಡು ಹೆಜ್ಜೆಯಲ್ಲಿ ಕಾರಿನ ಮುಂಭಾಗಕ್ಕೆ ಬಂದ. ಹೆಂಡತಿಗೂ ತೆರೆದ ಬಾನೆಟ್ಟಿಗೂ ನಡುವೆ ಎರಡು ಮಾರು ಇತ್ತೋ ಇಲ್ಲವೋ. ಆರತಿಯನ್ನು ಊದಿ ಆರಿಸಬಾರದು, ನೆಲಕ್ಕೆ ಚೆಲ್ಲಬಾರದು. ಚೆಲ್ಲಿದರೆ ಉರಿಯುವ ಕರ್ಪೂರ ಒದ್ದೆ ನೆಲದ ಮೇಲೆ ತೇಲಿಕೊಂಡು ಕಾರಿನ ಕಡೆಗೇ ಹೋದೀತು. ಅವನು ಎರಡೂ ಕೈಯಿಂದ ತಟ್ಟೆಯನ್ನು ಹಿಡಿದು ಕಿತ್ತುಕೊಂಡ. ಎರಡು ಬಿಲ್ಲೆ ಜಾರಿ ಬಲ ಅಂಗೈಯ ಮೇಲೆ ಬಿದ್ದು ಉರಿದವು. ಕೈ ಬಿಡಲಿಲ್ಲ. ಹಾಗೆಯೇ ತಿರುಗಿ, ಅಂಗಳದ ಆಚೆ ತುದಿಯ ತುಳಸಿಕಟ್ಟೆಯವರೆಗೆ ನಡೆದು, ತಟ್ಟೆಯನ್ನು ಕಟ್ಟೆಯ ಮೇಲಿಟ್ಟ. ಓಡಿದರೆ ಕಿಡಿ ಹಾರೀತೆಂಬ ಭಯದಿಂದ ಓಡಿರಲಿಲ್ಲ. ತಿರುಗಿ ನೋಡಿದಾಗ ಊದುಬತ್ತಿ ಕಣ್ಣಿಗೆ ಬಿತ್ತು. ಓಡೋಡಿ ಬಂದು ಬಾಳೆಹಣ್ಣಿನ ಸಮೇತ ಅದನ್ನು ಎತ್ತಿ ಬೇಲಿಯ ಬುಡದ ಕೆಸರಿಗೆ ಒತ್ತಿದ. ಆಮೇಲೆ ಭವ್ಯಶ್ರೀಯ ಕಡೆಯ ಬಾಗಿಲು ತೆರೆದ.

"ಇಳಿಯವ್ವ. ನಿದಾನ. ನನ್ನ ತೋಳು ಇಡ್ಕೊ."

ಹೆಜ್ಜೆ ಹೆಜ್ಜೆಯಾಗಿ ನಡೆಸಿ ಅವಳನ್ನು ಜಗಲಿ ಹತ್ತಿಸಿದ.

ಲಕ್ಷ್ಮಿದೇವಮ್ಮ ಬರಿಗೈಯಲ್ಲಿ ನಿಂತಲ್ಲೇ ನಿಂತಿದ್ದಳು.  ಆಮೇಲೆ ಕೂಗಿಬಿಟ್ಟಳು. "ನಿಮ್ಗೆ ಬುದ್ದಿ ಗಿದ್ದಿ ಐತಾ? ಬೆಳುಗೋ ಆರತಿ ಕಿತ್ಕೊಳೋದಾ? ಬಸ್ರಿ ಕೂತವ್ಳೆ! ಏನಾರ ಎಚ್ಚುಕಮ್ಮಿ ಆದ್ರೆ ಯಾರು ಒಣೆ?"

"ಬಗ್ಗಿ ನೋಡು" ಎಂದ ಬೋರಪ್ಪ.

ಕಾರಿನ ಮುಂಭಾಗದ ಅಡಿಯಲ್ಲಿ, ಒದ್ದೆ ಸಿಮೆಂಟಿನ ಮೇಲೆ ನೀಲಿ, ಹಸಿರು, ನೇರಳೆ ಬಣ್ಣಗಳು ನವಿಲಿನ ಕತ್ತಿನಂತೆ ಮಿರುಗುತ್ತ ಹರಡಿದ್ದವು. ಚಪ್ಪರದ ಮಣ್ಣು ದಿನವೂ ಕುಡಿದು ಬಚ್ಚಿಟ್ಟದ್ದನ್ನು ಸಿಮೆಂಟು ಬಯಲಿಗಿಟ್ಟಿತ್ತು. ಮೇಲಿನಿಂದ ಇನ್ನೂ ಒಂದೊಂದೇ ಹನಿ ಬೀಳುತ್ತಿತ್ತು. ಲಕ್ಷ್ಮಿದೇವಮ್ಮ ಬಗ್ಗಿದಳು, ಮೂಗಿಗೆ ಸೆರಗು ಹಿಡಿದು ಹಿಂದಕ್ಕೆ ಸರಿದಳು. ಜಗಲಿಯ ಮೇಲಿದ್ದ ಸೊಸೆಯನ್ನು ನೋಡಿದಳು, ತುಳಸಿಕಟ್ಟೆಯಲ್ಲಿ ಉರಿಯುತ್ತಿದ್ದ ತಟ್ಟೆಯನ್ನು ನೋಡಿದಳು. ಮತ್ತೆ ಕೂಗಾಡಲಿಲ್ಲ. ಆದರೆ ಅವಳ ಮುಖದ ಬಿಗಿ ಸಡಿಲವಾಗಲಿಲ್ಲ. "ಆದ್ರೂ ಆರತಿ ಅರ್ದಕ್ಕೆ ನಿಂತೋಯ್ತಲ್ಲ" ಎಂದು ತನಗೆ ತಾನೇ ಅಂದುಕೊಂಡು ಒಳಗೆ ಹೋದಳು.

ಪೈಪು ಸೋರುತ್ತಿದೆಯೆಂದು ಫೋನು ಮಾಡಿ ಕರೆಸಿದ ಮನು ಸ್ಕೂಟರಿನಲ್ಲಿ ಬಂದಾಗ ಗಂಟೆ ಹನ್ನೊಂದು. ಬಾನೆಟ್ಟಿನೊಳಗೆ ಕೈ ಹಾಕಿ, ಪೆಟ್ರೋಲ್ ಪೈಪಿನ ರಬ್ಬರನ್ನು ತಡವಿ ನೋಡಿ ನಿಂತುಬಿಟ್ಟ. ಕ್ಲಿಪ್ಪಿನ ಬುಡದಲ್ಲಿ, ಕಣ್ಣಿಗೆ ಕಾಣದ ಮಗ್ಗುಲಲ್ಲಿ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು.

"ಅಣ್ಣ, ತಪ್ಪಾಯ್ತು. ನಾನು ಬ್ಯಾಟ್ರಿ ಅಂದ್ಬುಟ್ಟೆ."

"ಈಗ ಸರಿ ಮಾಡ್ಲಾ. ಪೈಪು ತಂದಿದ್ದೀಯಲ್ಲ."

ಮನು ಕುತ್ತಿಗೆ ಕೆರೆದುಕೊಂಡ. "ಪೈಪ್ ತಂದಿವ್ನಿ. ಸ್ಪ್ಯಾನರು ಸ್ಕ್ರೂಡ್ರೈವರು ಎಲ್ಲಾ ಪೂಜೆಗೆ ಕೂತವೆ ಅಣ್ಣ. ಇವತ್ತು ಎತ್ತಿದ್ರೆ ನಮ್ಮಪ್ಪ ನನ್ನ ಕೈ ಮುರೀತದೆ. ನಾಳೆ ಬೆಳಗ್ಗೆ ಮೊದ್ಲು ನಿಮ್ದೇ."

ಬೋರಪ್ಪ ಸುಟ್ಟ ಅಂಗೈಯನ್ನು ನೋಡಿಕೊಂಡ. ಅವನ ಸಲಕರಣೆಗಳೂ ದೇವರ ಮುಂದೆ ಮಣೆಯ ಮೇಲೆ ಅರಿಸಿನ ಕುಂಕುಮ ಹಚ್ಚಿಸಿಕೊಂಡು ಮಲಗಿದ್ದವು. ಹತ್ತಿರದಲ್ಲಿ ಕಾರು ಇದ್ದವರೆಲ್ಲ ಹಬ್ಬಕ್ಕೆ ಊರೂರಿಗೆ ಹೋಗಿದ್ದರು. ಇವತ್ತು ಸಂಜೆಯೇ ನೋವು ಬಂದರೆ? ಜಗಲಿಯ ಕಂಬಕ್ಕೆ ಒರಗಿ ಕುಳಿತಿದ್ದ ಭವ್ಯಶ್ರೀ ಒಂದು ಕೈಯಿಂದ ಸೊಂಟ ಒತ್ತಿಕೊಳ್ಳುತ್ತಿದ್ದಳು.

ಒಳಗಿನಿಂದ ಲಕ್ಷ್ಮಿದೇವಮ್ಮ ಬಂದಳು. ಅವಳ ಮಡಿಲ ಸೆರಗಿನಲ್ಲಿ ಎರಡು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಇಕ್ಕಳ. ಕುಂಕುಮದ ಬೊಟ್ಟು ಹಾಗೆಯೇ ಇದ್ದವು. ಇಕ್ಕಳಕ್ಕೆ ಒಂದು ಚೆಂಡು ಹೂವಿನ ಎಸಳು ಅಂಟಿತ್ತು. ಎಲ್ಲವನ್ನೂ ಮನುವಿನ ಕಾಲಬುಡದಲ್ಲಿ ಸುರಿದಳು.

"ತಗೊಳೋ."

"ದೊಡ್ಡಮ್ಮಾ, ಪೂಜೆಗಿಟ್ಟಿದ್ದು..."

"ನಾನೇ ಇಟ್ಟಿದ್ದು, ನಾನೇ ಎತ್ಕಂಡ್ ಬಂದಿವ್ನಿ. ನಿಮ್ಮಪ್ಪ ಕೇಳುದ್ರೆ ಲಕ್ಷ್ಮಿದೇವಮ್ಮ ಎತ್ತಿದ್ಲು ಅನ್ನು. ಅವ್ನು ಕೈ ಮುರಿಯೋದಾದ್ರೆ ಬಂದು ನಂದು ಮುರೀಲಿ. ಊಂ, ಬಗ್ಗು."

ಮನು ಬ್ಯಾಟರಿಯ ತಂತಿ ಬಿಚ್ಚಿ, ನೆಲ ತೊಳೆಸಿ, ಒಣಗುವವರೆಗೆ ಕಾದು ಪೈಪು ಬದಲಾಯಿಸಿದ. ಮಧ್ಯಾಹ್ನ ಮೂರು ಗಂಟೆಗೆ ಬೋರಪ್ಪ ಕೀಯನ್ನು ಅರ್ಧ ತಿರುಗಿಸಿದ. ಪಂಪಿನ ಸದ್ದು ದಪ್ಪಗೆ ಹೊರಟು, ಬಿಗಿದು, ಸಣ್ಣಗಾಗಿ ನಿಂತಿತು. ಸೆಲ್ಫ್ ಹೊಡೆದ. ಮೂರು ಸುತ್ತು. ಮನು ಚಪ್ಪಾಳೆ ತಟ್ಟಿದ. ಲಕ್ಷ್ಮಿದೇವಮ್ಮ ಬಾಗಿಲಲ್ಲಿ ನಿಂತು ನೋಡಿದಳಷ್ಟೆ. ಅಂದಿನಿಂದ ಗಂಡನ ಸುಟ್ಟ ಕೈಗೆ ದಿನಕ್ಕೆರಡು ಸಲ ಮುಲಾಮು ಹಚ್ಚುತ್ತಿದ್ದಳು, ಆದರೆ ಮಾತು ಕಡಿಮೆ. ಅರ್ಧಕ್ಕೆ ನಿಂತ ಆರತಿ ಅವಳೊಳಗೆ ಇನ್ನೂ ಉರಿಯುತ್ತಿರುವುದು ಬೋರಪ್ಪನಿಗೆ ತಿಳಿಯುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ, ಎಮ್ಮೆ ಕರೆಯುವ ಹೊತ್ತಿಗೆ ಭವ್ಯಶ್ರೀಗೆ ನೋವು ಹಿಡಿಯಿತು. ಬಟ್ಟೆಯ ಗಂಟು, ಫ್ಲಾಸ್ಕು, ಡಾಕ್ಟರ ಚೀಟಿ ಹಿಡಿದು ಲಕ್ಷ್ಮಿದೇವಮ್ಮ ಹಿಂದೆ ಕುಳಿತು ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಕಾರು ಮೂರನೆಯ ಸುತ್ತಿಗೆ ಎದ್ದಿತು.  ಹೊಳೆನರಸೀಪುರ ದಾಟಿದ ಮೇಲೆ ಭವ್ಯಶ್ರೀಯ ಕೂಗೊಂದೇ ಕೇಳುತ್ತಿತ್ತು. ಬೋರಪ್ಪ ಕಟ್ಟು ಹಾಕಿದ ಕೈಯಲ್ಲೇ ಸ್ಟೀರಿಂಗ್ ತಿರುಗಿಸುತ್ತ, ಉಬ್ಬು ಕಂಡಲ್ಲೆಲ್ಲ ಹಲ್ಲು ಕಚ್ಚಿಕೊಂಡು ನಿಧಾನಿಸುತ್ತ ಓಡಿಸಿದ. ಹಾಸನದ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದಾಗ ಅವಳನ್ನು ಗಾಲಿಮಂಚದಲ್ಲಿ ನೇರ ಒಳಗೆ ಕರೆದೊಯ್ದರು. ಸುತ್ತಿಕೊಂಡಿದ್ದ ಬಳ್ಳಿ ಬಿಗಿಯುತ್ತಿದೆ, ಆಪರೇಷನ್ ಮಾಡಬೇಕು ಎಂದು ಒಬ್ಬರು ಬಂದು ಹೇಳಿ ಹೋದರು.

ಗಂಡ ಹೆಂಡತಿ ಬೆಂಚಿನ ಮೇಲೆ ಎರಡು ತುದಿಗೆ ಕುಳಿತರು. ಲಕ್ಷ್ಮಿದೇವಮ್ಮನ ತುಟಿ ಅಲ್ಲಾಡುತ್ತಲೇ ಇತ್ತು. ಒಂದು ಗಂಟೆಯ ಮೇಲಾಗಿರಬಹುದು; ಪಾಳಿ ಬಿಟ್ಟು ಓಡಿ ಬಂದ ಸಂಜಯ್ ಮೆಟ್ಟಿಲು ಹತ್ತುತ್ತಿರುವಾಗಲೇ ಬಾಗಿಲು ತೆರೆಯಿತು. ಬಿಳಿಯ ಬಟ್ಟೆಯಲ್ಲಿ ಸುತ್ತಿದ ಹೆಣ್ಣುಕೂಸು ಬಾಯಗಲಿಸಿ ಅಳುತ್ತಿತ್ತು. "ತಾಯಿನೂ ಚೆನ್ನಾಗಿದ್ದಾರೆ. ಸರಿಯಾದ ಹೊತ್ತಿಗೆ ಬಂದ್ರಿ" ಎಂದು ನರ್ಸಮ್ಮ ಮಗುವನ್ನು ಬೋರಪ್ಪನ ಮುಂದೆ ಹಿಡಿದಳು. ಅವನು ಕೈ ಚಾಚಿ, ಬಟ್ಟೆ ಸುತ್ತಿದ ಅಂಗೈಯನ್ನು ನೋಡಿಕೊಂಡು ಹಿಂದಕ್ಕೆ ಎಳೆದುಕೊಂಡ.

"ಏನಾಯ್ತಜ್ಜ ಕೈಗೆ?"

 ಲಕ್ಷ್ಮಿದೇವಮ್ಮ ಎದ್ದು ಬಂದು ಮಗುವನ್ನು ತನ್ನ ತೋಳಿಗೆ ತೆಗೆದುಕೊಂಡಳು.

"ನಾನು ಸುಟ್ಟಿದ್ದು ಕಣವ್ವ" ಎಂದಳು. "ಕರ್ಪೂರ ಜಾಸ್ತಿ ಆಕ್ಬುಟ್ಟಿದ್ದೆ."